ಕಟ್ಟಿಗೆ ಸಾಲದ ಹೆಣ

'ಸತ್ತ ಮೇಲೆ ಎಲ್ಲಾರೂ ಒಂದೇ' ಅನ್ನೋ ಮಾತನ್ನು ನಮ್ಮೂರಿನಲ್ಲಿ ಮೇಲಿನ ಬೀದಿಯವರೇ ಹೆಚ್ಚಾಗಿ ಹೇಳೋದು. ಬೆಂಕಿಗೆ ಜಾತಿಯಿಲ್ಲವಂತೆ. ಹಾಗಂತ ಹೇಳಿ, ಹೆಣಕ್ಕೆ ಕೊಳ್ಳಿಯಿಟ್ಟು, ಮಿಂದು ಮನೆ ಸೇರುತ್ತಿದ್ದರು. ಬೂದಿಯಾಗುವ ತನಕ ಗಳ ಹಿಡಿದು ನಿಲ್ಲುತ್ತಿದ್ದವನು ನಮ್ಮಪ್ಪ.

ರಾತ್ರಿ ಬಂದು ಹೇಳುತ್ತಿದ್ದ: 'ಇವತ್ತು ಗೌಡ ಎದ್ದು ಕುಂತ್ಕಳಕ್ಕೆ ನೋಡ್ದ ಕಣ್ಲಾ. ಗಳದಲ್ಲಿ ಒತ್ತಿ ಮಲಗಿಸ್ದೆ.' ನಾವು ದೆವ್ವ ಅಂತ ಹೆದರಿ ಕಂಬಳಿಯೊಳಗೆ ಮುದುರಿಕೊಳ್ಳುತ್ತಿದ್ದೆವು. ಯಾರ ಮುಂದೆ ಹೆಗಲ ಮೇಲಿನ ಟವೆಲ್ಲು ತೆಗೆದು ನಿಲ್ಲುತ್ತಿದ್ದನೋ ಅವನನ್ನೇ ಒತ್ತಿ ಮಲಗಿಸಿದ ಮಾತು ಹೇಳುವಾಗ ಅಪ್ಪನ ಮುಖದಲ್ಲಿ ಸಣ್ಣ ನಗೆಯಿತ್ತೇ? ಈಗ ಹಾಗನ್ನಿಸುತ್ತದೆ.

ಬಿ.ಎಸ್ಸಿ.ಗೆ ಬಂದ ಮೇಲೆ ತಿಳಿಯಿತು, ಅದು ದೆವ್ವವಲ್ಲ. ಕಾವಿಗೆ ಸ್ನಾಯುಗಳ ಪ್ರೋಟೀನು ಹೆಪ್ಪುಗಟ್ಟಿ ಕುಗ್ಗುತ್ತದೆ. ಕೈಕಾಲು ಮಡಚುವ ಸ್ನಾಯುಗಳು ಚಾಚುವ ಸ್ನಾಯುಗಳಿಗಿಂತ ಬಲವಾದವು. ಹಾಗಾಗಿ ಮೊಣಕೈ, ಮೊಣಕಾಲು ಮಡಚುತ್ತವೆ, ಮುಷ್ಟಿ ಬಿಗಿಯುತ್ತದೆ. ಗೌಡನದೂ ಹಾಗೇ, ಹೊಲೆಯನದೂ ಹಾಗೇ.

ಇನ್ನೊಂದು ವಿಷಯ ತಿಳಿದಾಗ ಮಾತ್ರ ಎರಡು ದಿನ ನಿದ್ದೆ ಬರಲಿಲ್ಲ. ಮೈಯಲ್ಲಿ ನೂರಕ್ಕೆ 60 ಭಾಗದಷ್ಟು ನೀರು. ಅದು ಆವಿಯಾಗಲು ಕಾವು ತಿನ್ನುತ್ತದೆ. ಕಾವು ಕೊಡುವುದು ಕೊಬ್ಬು: ಒಂದು ಗ್ರಾಂ ಉರಿದರೆ 9 ಕಿಲೋಕ್ಯಾಲರಿ, ಅದೇ ಪ್ರೋಟೀನಾದರೆ ಅದರ ಅರ್ಧದಷ್ಟು. ಉಂಡು ಬೆಳೆದ ಹೆಣ ಒಮ್ಮೆ ಹೊತ್ತಿಕೊಂಡರೆ ತನ್ನ ಕೊಬ್ಬಿನಿಂದ ತಾನೇ ಉರಿಯುತ್ತದೆ. ಕೂಲಿಯವನ ಒಣಕಲು ಹೆಣಕ್ಕೇ ಕಟ್ಟಿಗೆ ಜಾಸ್ತಿ ಬೇಕು! ಕಟ್ಟಿಗೆ ಕೊಳ್ಳಲಾರದವನಿಗೇ ಜಾಸ್ತಿ ಕಟ್ಟಿಗೆ. ಬೆಂಕಿಗೆ ಜಾತಿಯಿಲ್ಲ, ನಿಜ. ಹಸಿವು ಮಾತ್ರ ಅದಕ್ಕೂ ಗೊತ್ತಾಗುತ್ತದೆ.

ಮೂಳೆ ಮೊದಲು ಕಪ್ಪಾಗುತ್ತದೆ, ಆಮೇಲೆ ಬೂದುಬಣ್ಣ, 800 ಡಿಗ್ರಿ ದಾಟಿದರೆ ಸುಣ್ಣದಂಥ ಬಿಳಿ. ಕೊನೆಗೆ ಎರಡು ಮೂರು ಕಿಲೋ, ಬಹುಪಾಲು ಕ್ಯಾಲ್ಸಿಯಂ ಫಾಸ್ಫೇಟು. ಒಂದು ಕ್ರಿಮಿಯೂ ಉಳಿಯದ ವಸ್ತು ಅದು. ಅಷ್ಟು ಶುದ್ಧವಾದದ್ದನ್ನು ಕೈಯಾರೆ ಗೋರಿ ಕೊಟ್ಟವನಿಗೆ ಹೋಟ್ಲಲ್ಲಿ ಬೇರೆ ಲೋಟ. ಮೈಲಿಗೆ ಅನ್ನೋದು ಯಾವ ಡಿಗ್ರಿಯಲ್ಲಿ ಸುಡುತ್ತದೆ, ಗೆಳೆಯರೇ?

ಹರಿಶ್ಚಂದ್ರ ಕಾವ್ಯ ಪಾಠ ಮಾಡುವ ಮೇಷ್ಟ್ರುಗಳಿಗೂ ಒಂದು ಮಾತು. ಅರಸ ಸುಡುಗಾಡು ಕಾದರೆ ಅದು ಸತ್ಯಪರೀಕ್ಷೆ. ನಮ್ಮಪ್ಪ ಕಾದರೆ ಅದು ಅವನ ಜಾತಿ. ಯಾಕೆ?

1780ರ ದಶಕದಲ್ಲಿ ಫ್ರಾನ್ಸಿನ ಲಾವಾಸಿಯೆ, ಲಾಪ್ಲಾಸ್ ಇಬ್ಬರೂ ಸೇರಿ ಒಂದು ಗಿನಿಪಿಗ್ಗನ್ನು ಮಂಜುಗಡ್ಡೆಯ ನಡುವೆ ಇಟ್ಟು, ಎಷ್ಟು ಮಂಜು ಕರಗಿತೆಂದು ಅಳೆದು, ಇದ್ದಲಿನ ಉರಿಯ ಜೊತೆ ಹೋಲಿಸಿ ನೋಡಿದರು. ಉಸಿರಾಟವೂ ನಿಧಾನದ ಉರಿಯೇ ಅಂದರು. ಅಂದರೆ ಬದುಕಿರುವಾಗಲೇ ಎಲ್ಲರೂ ಉರಿಯುತ್ತಿರುತ್ತೇವೆ, ಒಂದೇ ಆಮ್ಲಜನಕದಲ್ಲಿ. ನನ್ನವ್ವ ನಲವತ್ತು ವರ್ಷ ಉರಿದದ್ದು ಇನ್ನೊಬ್ಬರ ಗದ್ದೆಯಲ್ಲಿ. 'ಎಲ್ಲಾರೂ ಒಂದೇ' ಅನ್ನುವವರು ಆ ಮಾತು ಹೇಳಲು ಸಾವಿನ ತನಕ ಯಾಕೆ ಕಾಯಬೇಕು?

ಸತ್ತ ಮೇಲಾದರೂ ಒಂದೇ ಆಗುತ್ತೇವೆಯೇ? 2019ರ ಆಗಸ್ಟಿನಲ್ಲಿ ತಮಿಳುನಾಡಿನ ವಾಣಿಯಂಬಾಡಿ ಹತ್ತಿರ, ಸುಡುಗಾಡಿಗೆ ಹೋಗುವ ದಾರಿ ಮೇಲ್ಜಾತಿಯವರ ಜಮೀನಿನಲ್ಲಿದೆಯೆಂದು, ಒಬ್ಬ ದಲಿತನ ಹೆಣವನ್ನು ಪಾಲಾರ್ ನದಿಯ ಸೇತುವೆ ಮೇಲಿಂದ ಹಗ್ಗ ಕಟ್ಟಿ ಇಳಿಸಬೇಕಾಯಿತು. ಬೆಂಕಿಯ ಸಮಾನತೆ ಮುಟ್ಟುವುದಕ್ಕೂ ಇವರ ಹೊಲ ದಾಟಬೇಕು.

ಅಪ್ಪ ಹೋದ ವರ್ಷ ತೀರಿಕೊಂಡ. 'ನನ್ನ ಸುಡಬ್ಯಾಡ್ರಪ್ಪ, ಕುಡಿದ ಹೊಗೆ ಸಾಕು' ಅಂದಿದ್ದ. ಕೆರೆ ಏರಿ ಕೆಳಗೆ ಹೂಳಿದೆವು. ಬೆಂಕಿ ಮೂರು ನಾಲ್ಕು ಗಂಟೆಯಲ್ಲಿ ಮಾಡುವುದನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ವರ್ಷಗಟ್ಟಲೆ ಮಾಡುತ್ತವೆ, ಕಟ್ಟಿಗೆ ಕೇಳದೆ.

ಅವನ ಗಳ ಹಿತ್ತಲಲ್ಲೇ ಇದೆ, ತುದಿ ಕರಿಕಾಗಿದೆ. ಮೊನ್ನೆ ಮೇಲಿನ ಬೀದಿಯವರೊಬ್ಬರು ಬಂದು ಅಂಗಳದಾಚೆಯೇ ನಿಂತು, 'ನಿಮ್ಮಪ್ಪ ಇದ್ದಿದ್ರೆ ಹೇಳ್ಬೇಕಾಗೇ ಇರ್ಲಿಲ್ಲ, ಒಂದು ಹೆಣ ಐತೆ, ಬರ್ತೀಯೇನಪ್ಪಾ?' ಅಂದರು. ನಾನು ಗಳ ತಂದು ಅವರ ಮುಂದೆ ನೆಲದ ಮೇಲಿಟ್ಟೆ.

ಬಹಳ ಹೊತ್ತು ನೋಡುತ್ತಾ ನಿಂತಿದ್ದರು. ಮುಟ್ಟಲಿಲ್ಲ.