ಶಕ್ತಿಯನ್ನರಿತ ನಿಯಮ

ಕಾರ್ತಿಕ ಶುಕ್ಲ ಪ್ರತಿಪದೆಯಂದು ವೀರನಿರ್ವಾಣ ಸಂವತ್ಸರವು ಆರಂಭವಾಗುತ್ತದೆ. ಹಿಂದಿನ ದಿನದ ಮುಂಜಾವಿನಲ್ಲಿ ಬಸದಿಗಳಲ್ಲಿ ಭಗವಾನ್ ಮಹಾವೀರರ ನಿರ್ವಾಣ ಪೂಜೆ ನೆರವೇರಿರುತ್ತದೆ. ಅಂಗಡಿಗಳಲ್ಲಿ ಹೊಸ ಖಾತೆಪುಸ್ತಕಕ್ಕೆ ಕುಂಕುಮ ಹಚ್ಚಿರುತ್ತಾರೆ. ಇದೇ ದಿನಗಳಲ್ಲಿ ಅನೇಕ ಶ್ರಾವಕ-ಶ್ರಾವಿಕೆಯರು ಬರುವ ವರ್ಷಕ್ಕೆಂದು ಏನಾದರೊಂದು ವ್ರತವನ್ನು ಸ್ವೀಕರಿಸುವುದುಂಟು. ಕೆಲವರು ಯುಗಾದಿಯಂದು ಸ್ವೀಕರಿಸುತ್ತಾರೆ, ತರುಣರು ಜನವರಿ 1ರಂದು. ದಿನ ಯಾವುದಾದರೇನು, ಸಂಕಲ್ಪ ಸಂಕಲ್ಪವೇ. ಆದರೆ ಮನೆಯ ಹೊರೆಯನ್ನೆಲ್ಲ ಹೊತ್ತ ತಾಯಿಯ ವಿಷಯದಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹಿರಿದನ್ನು ಹಿಡಿದು ಮುರಿಯುವುದು ಮೇಲೋ, ಕಿರಿದನ್ನು ಹಿಡಿದು ನಡೆಸುವುದು ಮೇಲೋ?

ಹುಬ್ಬಳ್ಳಿಯಂತಹ ಊರಿನ ಒಂದು ಮನೆಯ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಮನೆಯಲ್ಲಿ ವಯಸ್ಸಾದ ಅತ್ತೆ, ವ್ಯಾಪಾರ ಮಾಡುವ ಪತಿ, ಹತ್ತು ವರ್ಷದ ಮಗಳು, ಐದು ವರ್ಷದ ಮಗ. ಸೊಸೆ ಬ್ಯಾಂಕಿನಲ್ಲಿ ನೌಕರಿ ಮಾಡುವವರು. ಐದು ಗಂಟೆಗೆ ಎದ್ದು, ನೀರು ಸೋಸಿ, ಡಬ್ಬಿಗಳನ್ನು ಕಟ್ಟಿ, ಮಕ್ಕಳನ್ನು ಶಾಲೆಗೆ ಕಳುಹಿಸಿ, ಬ್ಯಾಂಕಿನ ಲೆಕ್ಕ ಮುಗಿಸಿ ಮನೆ ಸೇರುವಾಗ ಏಳು ಗಂಟೆಯಾಗಿರುತ್ತದೆ. ಇಂತಹ ತಾಯಿ ಒಂದು ದೀಪಾವಳಿಯ ಮರುದಿನ ಬಸದಿಯಲ್ಲಿ ನಾಲ್ಕು ಜನರ ಎದುರಿಗೆ ಮೂರು ವ್ರತಗಳನ್ನು ವರ್ಷಕ್ಕೆಂದು ಸ್ವೀಕರಿಸಿದರು: ರಾತ್ರಿಭೋಜನ ತ್ಯಾಗ, ನಿತ್ಯ ಎರಡು ಗಳಿಗೆಯ ಸಾಮಾಯಿಕ, ಅಷ್ಟಮಿ-ಚತುರ್ದಶಿಗಳಲ್ಲಿ ಏಕಭುಕ್ತ. ಕಾರ್ತಿಕ ಮಾಸದಲ್ಲಿ ನಮ್ಮ ಕಡೆ ಆರು ಗಂಟೆಯ ಆಸುಪಾಸಿನಲ್ಲೇ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನ ಒಂದಕ್ಕೆ ಉಂಡ ಅವರು ಮರುದಿನ ಬೆಳಿಗ್ಗೆಯವರೆಗೆ ಉಪವಾಸವಿರುತ್ತ, ರಾತ್ರಿ ಎಲ್ಲರಿಗೂ ಬಡಿಸುತ್ತ ಮೂರು ವಾರ ನಡೆಸಿದರು. ತಲೆನೋವು ಶುರುವಾಯಿತು, ಮಕ್ಕಳ ಮೇಲೆ ಸಿಟ್ಟು ಏರತೊಡಗಿತು. ಸಂಕ್ರಾಂತಿ ಬರುವ ಹೊತ್ತಿಗೆ ಮೂರೂ ವ್ರತಗಳು ಮುರಿದಿದ್ದವು.

ಮುರಿದದ್ದು ದೊಡ್ಡ ಮಾತಲ್ಲ. ಬಸದಿಯಲ್ಲಿ ಹಿರಿಯರೊಬ್ಬರು, “ವ್ರತ ಹೇಗೆ ನಡೆದಿದೆಯಮ್ಮಾ?” ಎಂದು ಕೇಳಿದಾಗ ಅವರು, “ನಡೆದಿದೆ” ಎಂದರು. ಹಿಂದಿನ ರಾತ್ರಿ ಎಂಟೂವರೆಗೆ ತಾಯಿ ಅಡುಗೆಮನೆಯಲ್ಲಿ ನಿಂತುಕೊಂಡೇ ಅನ್ನ ಉಂಡದ್ದನ್ನು ನೋಡಿದ್ದ ಮಗಳು ಪಕ್ಕದಲ್ಲಿದ್ದಳು. ಅವಳು ತಾಯಿಯ ಮುಖವನ್ನು ನೋಡಿದಳು, ಏನೂ ಹೇಳಲಿಲ್ಲ.

ತ್ಯಾಗಕ್ಕೆಂದು ಹೊರಟ ಸಂಕಲ್ಪವು ಸತ್ಯಕ್ಕೆ ಕುಂದು ತಂದಿತು. ಇದು ಆ ತಾಯಿಯ ದೌರ್ಬಲ್ಯವೆಂದು ಹೇಳಿ ಮುಂದೆ ಸಾಗುವುದು ಸುಲಭ. ಆದರೆ ನಮ್ಮ ಆಚಾರ್ಯರು ಅಷ್ಟು ಸುಲಭವಾಗಿ ಹೇಳಿದವರಲ್ಲ. ತೀರ್ಥಂಕರ ನಾಮಕರ್ಮದ ಬಂಧಕ್ಕೆ ಕಾರಣವಾಗುವ ಹದಿನಾರು ಭಾವನೆಗಳನ್ನು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಎಣಿಸುತ್ತದೆ. ಅವುಗಳಲ್ಲಿ ತ್ಯಾಗವೂ ಇದೆ, ತಪಸ್ಸೂ ಇದೆ; ಎರಡಕ್ಕೂ ‘ಶಕ್ತಿಗೆ ತಕ್ಕಂತೆ’ ಎಂಬ ವಿಶೇಷಣವಿದೆ. ಷೋಡಶಕಾರಣ ಪೂಜೆಯಲ್ಲಿ ಈ ಶಬ್ದವನ್ನು ಪ್ರತಿ ವರ್ಷ ಉಚ್ಚರಿಸುವ ನಾವು ಅದರ ಮುಂದೆ ಒಂದು ಕ್ಷಣ ನಿಲ್ಲುವುದು ಕಡಿಮೆ.

ವ್ರತದ ಅಳತೆಯನ್ನು ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇನ್ನೂ ವಿಶದವಾಗಿ ತಿಳಿಸಿದ್ದಾರೆ. ಭೋಗೋಪಭೋಗ ಪರಿಮಾಣದ ಪ್ರಸಂಗದಲ್ಲಿ ಅವರು ಯಮ ಮತ್ತು ನಿಯಮ ಎಂಬ ಎರಡು ಬಗೆಗಳನ್ನು ಹೇಳುತ್ತಾರೆ. ಜೀವನಪರ್ಯಂತ ಹಿಡಿದದ್ದು ಯಮ, ಕಾಲದ ಮಿತಿಯುಳ್ಳದ್ದು ನಿಯಮ. ಆ ಮಿತಿ ಒಂದು ಹಗಲಾಗಿರಬಹುದು, ಒಂದು ರಾತ್ರಿಯಾಗಿರಬಹುದು. ಪಕ್ಷ, ಮಾಸ, ಎರಡು ಮಾಸದ ಋತು ಅಥವಾ ಆರು ಮಾಸದ ಅಯನವೂ ಆಗಿರಬಹುದು. ಊಟ, ವಾಹನ, ಹಾಸಿಗೆ, ಸ್ನಾನ, ತಾಂಬೂಲ, ಬಟ್ಟೆ, ಒಡವೆ, ಸಂಗೀತ ಇವೆಲ್ಲ ಈ ನಿಯಮದ ವ್ಯಾಪ್ತಿಗೆ ಬರುತ್ತವೆ. ಒಂದೇ ಒಂದು ಹಗಲಿನ ಮಟ್ಟಿಗೆ ಒಂದು ವಸ್ತುವನ್ನು ಬಿಟ್ಟವರೂ ಪ್ರತ್ಯಾಖ್ಯಾನ ಮಾಡಿದವರೇ. ಹಾಗಿರುವಾಗ ಸಂಕಲ್ಪವೆಂದರೆ ಇಡೀ ವರ್ಷದ್ದೇ ಆಗಬೇಕೆಂಬ ಹಟ ಶಾಸ್ತ್ರದ್ದಲ್ಲ, ಪಂಚಾಂಗ ಬದಲಿಸುವ ಉತ್ಸಾಹದ್ದು. ನಮ್ಮ ಅಜ್ಜಿಯರ ನೋಂಪಿಗಳನ್ನು ನೆನೆದರೂ ಇದೇ ಕಾಣುತ್ತದೆ. ಪ್ರತಿಯೊಂದು ನೋಂಪಿಗೂ ಅದರದೇ ಅವಧಿ, ಅದರದೇ ಕಥೆ. ಅವಧಿ ತೀರಿದಾಗ ಉದ್ಯಾಪನೆ. ಮುಗಿಯುವ ದಿನವನ್ನು ಮೊದಲೇ ಗೊತ್ತುಮಾಡಿದ್ದರಿಂದಲೇ ಅವರು ಹೊಲಮನೆಗಳ ದುಡಿಮೆಯ ನಡುವೆಯೂ ಮುಗಿಸಬಲ್ಲವರಾಗಿದ್ದರು.

ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಮೂರು ಮಾತುಗಳನ್ನು ಒಟ್ಟಿಗೆ ಇಟ್ಟಿದ್ದಾರೆ. ವ್ರತವನ್ನು ಚೆನ್ನಾಗಿ ಪರಿಶೀಲಿಸಿ ಸ್ವೀಕರಿಸಬೇಕು. ಸ್ವೀಕರಿಸಿದ್ದನ್ನು ಪ್ರಯತ್ನಪೂರ್ವಕವಾಗಿ ಪಾಲಿಸಬೇಕು. ದರ್ಪದಿಂದಾಗಲಿ ಪ್ರಮಾದದಿಂದಾಗಲಿ ಮುರಿದರೆ ಕೂಡಲೇ ಮತ್ತೆ ಸ್ಥಾಪಿಸಿಕೊಳ್ಳಬೇಕು. ಮೂರನೆಯ ಮಾತು ಗಮನಾರ್ಹ. ಮುರಿಯುವುದನ್ನು ಅವರು ಮೊದಲೇ ನಿರೀಕ್ಷಿಸಿದ್ದಾರೆ. ಮುರಿದ ಮೇಲೆ ಮರೆಮಾಚುವುದಕ್ಕೆ ಅಲ್ಲಿ ಸ್ಥಾನವಿಲ್ಲ, ಎದೆಗುಂದಿ ಕೈಬಿಡುವುದಕ್ಕೂ ಇಲ್ಲ.

ಮೊದಲನೆಯ ಮಾತಾದ ಪರಿಶೀಲನೆಯಲ್ಲಿ ವ್ಯಾಪಾರಸ್ಥ ಮನೆತನಗಳು ತಮ್ಮ ಕಸುಬಿನಿಂದಲೇ ಪಾಠ ಕಲಿಯಬಹುದು. ಹೊಸ ಖಾತೆಪುಸ್ತಕದ ಮೊದಲ ಸಾಲಿನಲ್ಲಿ ಹಳೆಯ ಪುಸ್ತಕದ ಶಿಲ್ಕನ್ನು ಬರೆಯುತ್ತಾರೆ. ಯಾವ ವರ್ತಕನೂ ಸೊನ್ನೆಯಿಂದ ವರ್ಷವನ್ನು ಆರಂಭಿಸುವುದಿಲ್ಲ. ಆ ತಾಯಿ ನೀರು ಸೋಸುತ್ತಾರೆ, ಕಾಳುಗಳನ್ನು ಹುಳುವಿಗೆ ಹಾನಿಯಾಗದಂತೆ ಹಸನು ಮಾಡುತ್ತಾರೆ, ಕಂದಮೂಲವನ್ನು ಮನೆಯೊಳಗೆ ತರುವುದಿಲ್ಲ, ಜ್ವರ ಬಂದ ಅತ್ತೆಯ ಪಕ್ಕದಲ್ಲಿ ರಾತ್ರಿ ಕೂರುತ್ತಾರೆ. ಅದೇ ಹದಿನಾರು ಭಾವನೆಗಳಲ್ಲಿ ವೈಯಾವೃತ್ತ್ಯವೂ ಒಂದು. ಇದಾವುದನ್ನೂ ಜಮಾ ಬರೆಯದೆ ಪುಟವನ್ನು ಖಾಲಿಯೆಂದು ಭಾವಿಸಿ, ಅದನ್ನು ಒಮ್ಮೆಲೇ ತುಂಬಲು ಹೊರಟದ್ದೇ ಅವರ ಲೆಕ್ಕದ ಮೊದಲ ತಪ್ಪು.

ಎರಡನೆಯ ತಪ್ಪು ಅವರದಲ್ಲ, ಮನೆಯದು. ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ ಐದು ಅತಿಚಾರಗಳಲ್ಲಿ ಕಟ್ಟುವುದು, ಹೊಡೆಯುವುದು, ಅಂಗಚ್ಛೇದ ಇವುಗಳ ಜೊತೆಗೆ ಅತಿಭಾರಾರೋಪಣ ಮತ್ತು ಅನ್ನಪಾನನಿರೋಧವೂ ಸೇರಿವೆ. ಹಿಂದೆ ಪೇಟೆಗೆ ಸರಕು ಸಾಗಿಸುವಾಗ ಶ್ರಾವಕನು ಎತ್ತಿನ ಮೇಲೆ ಎಷ್ಟು ಭಾರ ಹೇರಬಹುದೆಂದು ಯೋಚಿಸಬೇಕಾಗಿತ್ತು. ಹೊತ್ತಿಗೆ ಸರಿಯಾಗಿ ಮೇವು ನೀರು ಕೊಡಬೇಕಾಗಿತ್ತು. ಎತ್ತಿನ ವಿಷಯದಲ್ಲಿ ಇಷ್ಟು ಎಚ್ಚರವಿದ್ದ ಮನೆತನಗಳು ಸೊಸೆಯ ಹೊರೆಯನ್ನು ತೂಗಿ ನೋಡಿದ್ದು ಎಷ್ಟು? ಒಂಬತ್ತು ಗಂಟೆಗೆ ಬಿಸಿ ರೊಟ್ಟಿಯೇ ಬೇಕೆನ್ನುವ ಪತಿ, ಆಕೆಯ ವ್ರತವನ್ನು ನೆಂಟರಿಷ್ಟರಲ್ಲಿ ಹೊಗಳಿಕೊಳ್ಳುತ್ತಾನೆ. ಹೊಗಳಿಕೆಯೂ ಒಂದು ಹೊರೆಯೇ. ದಶಲಕ್ಷಣ ಪರ್ವದಲ್ಲಿ ಎಂಟು-ಹತ್ತು ದಿನ ಉಪವಾಸ ಮಾಡಿದವರಿಗೆ ಶಾಲು ಹೊದಿಸುವುದು ಸರಿಯೇ. ಅದರ ಜೊತೆಗೆ ಸ್ವಾಧ್ಯಾಯವನ್ನು ಬೆಳಗಿನ ಹತ್ತು ಗಂಟೆಗೆ ಇಟ್ಟರೆ ದುಡಿಯುವ ತಾಯಂದಿರು ಬರಲಾರರು ಎಂಬುದನ್ನೂ ಟ್ರಸ್ಟುಗಳು ಗಮನಿಸಬೇಕಾಗಿದೆ.

ಇಲ್ಲಿ ಹಿರಿಯರ ಒಂದು ಆಕ್ಷೇಪವಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಶಕ್ತಿಯಿಲ್ಲವೆಂದು ಹೇಳುತ್ತ ಹೇಳುತ್ತ ಇಂದು ತಿಂಗಳಿಗೆ ಇಳಿದದ್ದು ನಾಳೆ ದಿನಕ್ಕೆ ಇಳಿದೀತು, ನಾಡಿದ್ದು ಏನೂ ಉಳಿಯದು ಎಂದು ಅವರು ಅಂಜುತ್ತಾರೆ. ಅಂಜಿಕೆಗೆ ಕಾರಣವಿದೆ; ಬಸದಿಯ ಮಗ್ಗುಲಲ್ಲಿಯೇ ಇದ್ದು ರಾತ್ರಿಭೋಜನ ತ್ಯಾಗವನ್ನು ಮರೆತ ಮನೆಗಳು ಕಡಿಮೆಯಿಲ್ಲ. ಇದಕ್ಕೆ ಪೂಜ್ಯಪಾದರ ಸರ್ವಾರ್ಥಸಿದ್ಧಿಯಲ್ಲಿಯೇ ಉತ್ತರ ದೊರೆಯುತ್ತದೆ. ಶಕ್ತಿಗೆ ತಕ್ಕ ತಪಸ್ಸೆಂದರೆ ತನ್ನ ವೀರ್ಯವನ್ನು ಬಚ್ಚಿಡದೆ, ಮಾರ್ಗಕ್ಕೆ ವಿರೋಧವಾಗದಂತೆ ದೇಹವನ್ನು ದಂಡಿಸುವುದು ಎಂದು ಅವರ ವಿವರಣೆ. ಇದ್ದ ಬಲವನ್ನು ಇಲ್ಲವೆನ್ನುವುದು ಒಂದು ವಂಚನೆ, ಇಲ್ಲದ ಬಲವನ್ನು ಇದೆಯೆನ್ನುವುದು ಇನ್ನೊಂದು. ಮೊದಲನೆಯದಕ್ಕೆ ಸೋಮಾರಿತನ ಕಾರಣವಾದರೆ, ಎರಡನೆಯದಕ್ಕೆ ಬಹಳ ಸಲ ಮಾನಕಷಾಯವೇ ಕಾರಣ. ಹಸಿವಿನಿಂದ ಕುದಿಯುತ್ತ, ಮಕ್ಕಳನ್ನು ಗದರಿಸುತ್ತ ನಡೆಸಿದ ಉಪವಾಸದಲ್ಲಿ ಬೆಳೆಯುವುದು ಆರ್ತಧ್ಯಾನವೇ ಹೊರತು ನಿರ್ಜರೆಯಲ್ಲ.

ಆ ಮನೆಯಲ್ಲಿ ಮರುವರ್ಷ ಸಂಕಲ್ಪವನ್ನು ಬಸದಿಯಲ್ಲಿ ಘೋಷಿಸಲಿಲ್ಲ. ದೀಪಾವಳಿಯ ಸಂಜೆ ಎಲ್ಲರೂ ಕೂತು ಮಾತಾಡಿದರು. ಮೊದಲು ತಾಯಿ ಮಗಳಿಗೆ, “ಹೋದ ವರ್ಷ ನಾನು ಹೇಳಿದ್ದು ಸುಳ್ಳು” ಎಂದರು. ಹಾಗೆ ಹೇಳುವುದು ಮೂರು ವಾರದ ಉಪವಾಸಕ್ಕಿಂತ ಕಠಿಣವಾಗಿತ್ತು. ಅನಂತರ ಒಂದು ಋತುವಿಗೆ, ಅಂದರೆ ಎರಡೇ ತಿಂಗಳಿಗೆ, ನಿಯಮ ಗೊತ್ತಾಯಿತು. ಬ್ಯಾಂಕಿಗೆ ಎರಡು ಡಬ್ಬಿ. ಎರಡನೆಯದನ್ನು ಐದೂವರೆಗೆ ಅಲ್ಲಿಯೇ ಉಣ್ಣುವುದು. ರವಿವಾರ ಇಡೀ ಮನೆ ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವುದು. ಆ ದಿನ ಅಂಗಡಿಯನ್ನು ಬೇಗ ಮುಚ್ಚುವ ಹೊಣೆ ಪತಿಯದು. ಉಳಿದ ದಿನಗಳಲ್ಲಿ ಮಕ್ಕಳಿಗೆ ಸಂಜೆ ಬಡಿಸುವ ಕೆಲಸವನ್ನು ಅತ್ತೆ ಕೇಳಿ ಪಡೆದರು. ಬೆಳಿಗ್ಗೆ ಒಲೆ ಹೊತ್ತಿಸುವ ಮುನ್ನ ಒಂಬತ್ತು ಸಲ ಣಮೋಕಾರ ಮಂತ್ರ. ಮಕ್ಕಳು ಮನೆ ಬಿಡುವವರೆಗೆ ಗದರಿಕೆಯ ಮಾತಿಲ್ಲ.

ಈ ಕೊನೆಯದು ಎಲ್ಲಕ್ಕಿಂತ ಹೆಚ್ಚು ಸಲ ಮುರಿಯಿತು. ಮುರಿದ ದಿನ ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಚುಕ್ಕೆ ಇಡುತ್ತಿದ್ದಳು, ತಾಯಿಯೇ ಹಾಗೆ ಹೇಳಿದ್ದರು. ಎರಡು ತಿಂಗಳು ಕಳೆದ ಮೇಲೆ ಡಬ್ಬಿಯ ನಿಯಮವನ್ನು ಮುಂದಿನ ಒಂದು ಅಯನಕ್ಕೆ ವಿಸ್ತರಿಸಿದರು. ಹಗಲು ಉದ್ದವಾಗುತ್ತ ಹೋಗಿ, ಜೂನಿನಲ್ಲಿ ಸೂರ್ಯ ಏಳರ ಹೊತ್ತಿಗೆ ಮುಳುಗುವಾಗ ಅದು ಅಷ್ಟೊಂದು ಕಷ್ಟವೆನಿಸಲಿಲ್ಲ. ಎರಡು ಗಳಿಗೆಯ ಸಾಮಾಯಿಕ ಮಾತ್ರ ಇನ್ನೂ ಆರಂಭವಾಗಿಲ್ಲ. ಮಗ ಒಬ್ಬನೇ ಸ್ನಾನ ಮಾಡಿ ತಯಾರಾಗುವುದನ್ನು ಕಲಿತ ಮೇಲೆ ಅದನ್ನು ಯೋಚಿಸುವುದೆಂದು ಗೊತ್ತುಮಾಡಿದ್ದಾರೆ.