ನಮ್ಮ ಮನೆಯ ನೀರು ಕುದಿಯುತ್ತಿತ್ತು

ನಮ್ಮವರು ನಿವೃತ್ತರಾದ ದಿನ ಕಚೇರಿಯಲ್ಲಿ ಒಂದು ಸಣ್ಣ ಸಮಾರಂಭ ನಡೆಯಿತು. ಗಂಧದ ಹಾರ, ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಗೋಡೆಗೆ ಹಾಕುವ ಒಂದು ಗಡಿಯಾರ, ಎಲ್ಲ ಕ್ರಮದಂತೆಯೇ ಇತ್ತು. ಮೇಲಧಿಕಾರಿಗಳು ಮಾತನಾಡುತ್ತ, "ಇವರ ಮೂವತ್ತಮೂರು ವರ್ಷದ ಸೇವೆಯಲ್ಲಿ ಒಂದೇ ಒಂದು ಕಪ್ಪುಚುಕ್ಕೆ ಇಲ್ಲ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆದರೆ ಆ ಮಾತು ಕಿವಿಗೆ ಬಿದ್ದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮೇಲಧಿಕಾರಿಗಳು ಹೇಳಿದ್ದು ಸುಳ್ಳಲ್ಲ. ನಮ್ಮವರು ಕೆಲಸಕ್ಕೆ ಸೇರಿದ್ದು 1974ರಲ್ಲಿ. ನೀರಿನ ಮಾಲಿನ್ಯ ತಡೆಯುವ ಕಾಯಿದೆ ದೆಹಲಿಯಲ್ಲಿ ಪಾಸಾಗಿ, ನಮ್ಮ ರಾಜ್ಯದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಹುಟ್ಟಿದ್ದೂ ಅದೇ ವರ್ಷ. ಇವರು ಸೇರಿದ್ದು ಕುಡಿಯುವ ನೀರು ಪರೀಕ್ಷೆ ಮಾಡುವ ಒಂದು ಸರಕಾರಿ ಪ್ರಯೋಗಾಲಯಕ್ಕೆ. ಆಮೇಲೆ ಬಡ್ತಿ ಸಿಕ್ಕಿ ಪರಿಸರದ ಕೆಲಸಕ್ಕೆ ಹೋದರು. ಕಾರ್ಖಾನೆಯ ಕೊಳಚೆ ನೀರು ಹಿಡಿಯಲು ಬೆಳಗಿನ ಜಾವ ಬಾಟಲಿ ತೆಗೆದುಕೊಂಡು ಹಳ್ಳದ ದಂಡೆಗೆ ಇಳಿದವರು, ದೀಪಾವಳಿಗೆ ಬಂದ ಸಿಹಿಯ ಪೊಟ್ಟಣವನ್ನು ಬಾಗಿಲಿನಿಂದಲೇ ವಾಪಸು ಕಳಿಸಿದವರು. ಫ್ಲೋರೈಡ್ ಹೆಚ್ಚಿದ್ದ ಕೊಳವೆಬಾವಿಗಳ ಮೇಲೆ 'ಕುಡಿಯಲು ಯೋಗ್ಯವಲ್ಲ' ಎಂದು ಬರೆಸಲು ಹೋಗಿ ಪಂಚಾಯಿತಿಯವರ ಹತ್ತಿರ ಬೈಸಿಕೊಂಡದ್ದೂ ಉಂಟು. ಸರ್ವೀಸ್ ಪುಸ್ತಕದಲ್ಲಿ ನಿಜಕ್ಕೂ ಕಪ್ಪುಚುಕ್ಕೆ ಇಲ್ಲ. ಅದು ಇರುವುದು ನನ್ನ ಅಡುಗೆಮನೆಯಲ್ಲಿ.

1988ರ ಮಳೆಗಾಲ. ನಾವಾಗ ಒಂದು ಜಿಲ್ಲಾ ಕೇಂದ್ರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಲ್ಲಿಯಲ್ಲಿ ಎರಡು ದಿನಕ್ಕೊಮ್ಮೆ ನೀರು. ಹೀಗೆ ಬಿಟ್ಟು ಬಿಟ್ಟು ನೀರು ಕೊಡುವುದರಲ್ಲಿ ಒಂದು ಅಪಾಯವಿದೆ. ಕೊಳವೆಯಲ್ಲಿ ನೀರಿನ ಒತ್ತಡ ಇಲ್ಲದಿರುವಾಗ, ಎಲ್ಲಾದರೂ ಬಿರುಕಿದ್ದರೆ ಹೊರಗಿನ ಚರಂಡಿ ನೀರು ಒಳಕ್ಕೆ ಸೇರುತ್ತದೆ. ಮತ್ತೆ ನೀರು ಬಿಟ್ಟಾಗ ಅದೇ ಮೊದಲು ಮನೆಗೆ ಬರುತ್ತದೆ. ಇದನ್ನೆಲ್ಲ ನಮ್ಮವರು ಹೇಳಿ ಹೇಳಿ ನನಗೆ ಬಾಯಿಪಾಠವಾಗಿತ್ತು.

ಒಂದು ಸಂಜೆ ಕಚೇರಿಯಿಂದ ಬಂದವರು ಶೂಸು ಕೂಡ ಬಿಚ್ಚದೆ ಅಡುಗೆಮನೆಗೆ ಬಂದರು.

"ನೋಡು, ಇವತ್ತಿಂದ ಕುಡಿಯೋ ನೀರು ಕುದಿಸಿಬಿಡು. ಸುಮ್ಮನೆ ಬಿಸಿ ಮಾಡೋದಲ್ಲ, ಚೆನ್ನಾಗಿ ಮರಳಬೇಕು. ಮಗೂಗೆ ಅದನ್ನೇ ಕೊಡು."

"ಯಾಕ್ರೀ, ಏನಾಯ್ತು?"

"ನಮ್ಮ ಏರಿಯಾದ ನೀರಿನ ಬಾಟಲಿ ಕಪ್ಪಾಗಿದೆ. ಯಾರ ಹತ್ತಿರಾನೂ ಹೇಳಬೇಡ. ಇನ್ನೂ ರಿಪೋರ್ಟ್ ಆಗಿಲ್ಲ."

ಅದೊಂದು ಸರಳ ಪರೀಕ್ಷೆ. ಸಣ್ಣ ಬಾಟಲಿಯಲ್ಲಿ ಮದ್ದು ಸವರಿದ ಕಾಗದದ ತುಂಡು ಇರುತ್ತದೆ. ಅದಕ್ಕೆ ನೀರು ತುಂಬಿ ಒಂದೆರಡು ದಿನ ಇಡುತ್ತಾರೆ. ಹೊಲಸು ಸೇರಿದ ನೀರಾದರೆ ಕಪ್ಪಾಗುತ್ತದೆ. ಆದರೆ ಅದು ಬರೀ ಸೂಚನೆ. ಪ್ರಯೋಗಾಲಯದಲ್ಲಿ ಮತ್ತೆ ಪರೀಕ್ಷಿಸಿ ಖಚಿತಪಡಿಸಿ, ಮೇಲಿನವರ ಸಹಿಯಾಗಿ, ಆಮೇಲೆ ಸಂಬಂಧಪಟ್ಟವರಿಗೆ ಪತ್ರ ಹೋಗಬೇಕು.

ನಾನು ದೊಡ್ಡ ಪಾತ್ರೆ ಒಲೆಯ ಮೇಲಿಟ್ಟೆ. ನೀರು ಕುದಿಯಿತು. ಆರಿಸಿ, ಶೋಧಿಸಿ, ತಾಮ್ರದ ಕೊಡಕ್ಕೆ ತುಂಬಿದೆ. ಗೋಡೆಯಾಚೆಗಿನ ಮನೆಯವರು ಅದೇ ಕೊಳವೆಯ ನೀರನ್ನು ಹಾಗೆಯೇ ಕುಡಿಯುತ್ತಿದ್ದರು. ಆ ಮನೆಯಾಕೆ ನನಗಿಂತ ನಾಲ್ಕೈದು ವರ್ಷ ದೊಡ್ಡವರು. ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ನಮ್ಮಿಬ್ಬರ ನಡುವೆ ಹುಳಿಪುಡಿ, ಕರಿಬೇವು, ವಾರಪತ್ರಿಕೆ ಎಲ್ಲವೂ ಗೋಡೆ ದಾಟುತ್ತಿತ್ತು. ಈ ಒಂದು ಮಾತು ಮಾತ್ರ ದಾಟಲಿಲ್ಲ.

ಮೂರನೆಯ ದಿನ ಅವರ ಆರು ವರ್ಷದ ಮಗನಿಗೆ ವಾಂತಿಭೇದಿ ಶುರುವಾಯಿತು. ರಾತ್ರಿ ಹೊತ್ತಿಗೆ ಮಗುವಿನ ಕಣ್ಣು ಗುಳಿ ಬಿದ್ದಿತ್ತು. ನಮ್ಮವರೇ ಸ್ಕೂಟರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಆರು ದಿನ ಗ್ಲೂಕೋಸ್ ಏರಿಸಿದರು. ಮಗು ಉಳಿಯಿತು. ಆಕೆ ಮನೆಗೆ ಬಂದ ಮೇಲೆ ಕಣ್ಣಲ್ಲಿ ನೀರು ತುಂಬಿಕೊಂಡು, "ನಿಮ್ಮನೆಯವರು ಆ ಹೊತ್ತಲ್ಲಿ ಇಲ್ಲದೇ ಹೋಗಿದ್ರೆ ಏನು ಗತಿಯಾಗ್ತಿತ್ತೋ" ಎಂದು ನನ್ನ ಕೈ ಹಿಡಿದುಕೊಂಡರು. ವರದಿಗೆ ಸಹಿಯಾಗಿ ಪತ್ರ ಹೊರಟಿದ್ದು ಅದಕ್ಕೆ ಎರಡು ದಿನ ಮೊದಲು.

ಇಷ್ಟೇ ನಡೆದದ್ದು. ಮಗುವಿಗೆ ಆ ನೀರಿನಿಂದಲೇ ಕಾಯಿಲೆ ಬಂತೆಂದು ಯಾರೂ ಸಾಬೀತು ಮಾಡಲಿಲ್ಲ. ಬೀದಿಯಲ್ಲಿ ಕೊಯ್ದಿಟ್ಟ ಹಣ್ಣು ತಿಂದಿದ್ದಿರಬಹುದು. ಆದರೆ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಅಧಿಕಾರದಲ್ಲಿರುವವನಿಗೆ ಅಧಿಕಾರದಿಂದಲೇ ತಿಳಿದ ಸಂಗತಿ ಯಾರ ಸ್ವತ್ತು? ಅದು ಕಡತಕ್ಕೆ ಸೇರಿದ್ದೋ, ಆ ನೀರು ಕುಡಿಯುವವರಿಗೆ ಸೇರಿದ್ದೋ?

ನಮ್ಮವರ ಕಡೆಯಿಂದ ಹೇಳಬೇಕಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ಸರಕಾರಿ ನೌಕರರ ನಡತೆ ನಿಯಮಗಳಿವೆ. ಅಪ್ಪಣೆಯಿಲ್ಲದೆ ಕಚೇರಿಯ ಮಾಹಿತಿಯನ್ನು ಹೊರಗೆ ಕೊಡಬಾರದು. ಮಾಹಿತಿ ಹಕ್ಕಿನ ಕಾಯಿದೆ ಬಂದದ್ದು 2005ರಲ್ಲಿ. 1988ರಲ್ಲಿ ಅಂಥ ಆಸರೆಯೂ ಇರಲಿಲ್ಲ. ನಿಯಮಕ್ಕೆ ಅರ್ಥವೂ ಇಲ್ಲದಿಲ್ಲ. ಖಚಿತವಾಗದ ಸುದ್ದಿ ಊರಲ್ಲಿ ಹಬ್ಬಿದರೆ ಜನ ಗಾಬರಿಯಾಗಿ ನಲ್ಲಿ ನೀರು ಬಿಟ್ಟು ಪಾಳುಬಾವಿಯ ನೀರು ಸೇದಿ, ಇನ್ನೂ ದೊಡ್ಡ ಅನಾಹುತವಾಗಬಹುದು. ನಾಲ್ಕು ಸಲ ಸುಳ್ಳು ಎಚ್ಚರಿಕೆ ಕೊಟ್ಟರೆ ಐದನೆಯ ಸಲ ನಿಜ ಹೇಳಿದರೂ ಯಾರೂ ನಂಬುವುದಿಲ್ಲ. ಪರೀಕ್ಷೆ ಮಾಡುವವನು ನಾಲಿಗೆ ಬಿಗಿಹಿಡಿಯಬೇಕು ಎಂಬುದರಲ್ಲಿ ವಿವೇಕವಿದೆ. ನಮ್ಮವರು ಹೆದರಿ ಸುಮ್ಮನಿದ್ದರು ಎನ್ನುವುದು ಅರ್ಧ ಸತ್ಯ. ಹಾಗೆ ಸುಮ್ಮನಿರುವುದೇ ಸರಿ ಎಂದೂ ಅವರು ನಂಬಿದ್ದರು.

ಹಾಗಾದರೆ ತಪ್ಪು ಎಲ್ಲಿ? ಬಹಳ ವರ್ಷ ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. 2016ರಲ್ಲಿ ಒಂದು ದಿನ ನಮ್ಮವರು ಪತ್ರಿಕೆಯ ಒಂದು ಪುಟ ಮಡಿಸಿ, ಏನೂ ಹೇಳದೆ ನನ್ನ ಕೈಗಿಟ್ಟರು. ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ಎಂಬ ಊರಿನ ಸುದ್ದಿ. ಸುಮಾರು ಒಂದು ಲಕ್ಷ ಜನರ ಊರು, ಬಡವರೇ ಹೆಚ್ಚು. ಹಣ ಉಳಿಸಲೆಂದು 2014ರ ಏಪ್ರಿಲ್‌ನಲ್ಲಿ ಊರಿಗೆ ಬರುತ್ತಿದ್ದ ನೀರನ್ನು ಬಿಟ್ಟು ಫ್ಲಿಂಟ್ ನದಿಯ ನೀರು ಕೊಡಲಾರಂಭಿಸಿದರು. ಆ ನೀರಿಗೆ ಲೋಹವನ್ನು ತಿನ್ನುವ ಗುಣವಿತ್ತು. ಅದನ್ನು ತಡೆಯುವ ರಾಸಾಯನಿಕವನ್ನು ಬೆರೆಸಬೇಕಿತ್ತು, ಬೆರೆಸಲಿಲ್ಲ. ಹಳೆಯ ಕೊಳವೆಗಳಿಂದ ಸೀಸ ಕರಗಿ ನೀರಿಗೆ ಬಂತು. ಸೀಸ ಮಕ್ಕಳ ಮೆದುಳಿಗೆ ವಿಷ. ಕುದಿಸಿದರೆ ಹೋಗುವಂಥದ್ದೂ ಅಲ್ಲ.

ನೀರು ಕಂದು ಬಣ್ಣಕ್ಕಿದೆ, ಮೈಮೇಲೆ ಗುಳ್ಳೆಯಾಗುತ್ತಿದೆ ಎಂದು ತಾಯಂದಿರು ಸೀಸೆಯಲ್ಲಿ ನೀರು ಹಿಡಿದುಕೊಂಡು ಸಭೆಗಳಿಗೆ ಹೋದರು. ಅಧಿಕಾರಿಗಳು ನೀರು ಸುರಕ್ಷಿತವಾಗಿದೆ ಎನ್ನುತ್ತಲೇ ಇದ್ದರು. 2014ರ ಅಕ್ಟೋಬರಿನಲ್ಲಿ ಅಲ್ಲಿನ ಮೋಟಾರು ಕಾರ್ಖಾನೆ ಈ ನೀರಿನಿಂದ ತನ್ನ ಯಂತ್ರದ ಭಾಗಗಳು ತುಕ್ಕು ಹಿಡಿಯುತ್ತವೆಂದು ಬೇರೆ ಕಡೆಯಿಂದ ನೀರು ತರಿಸಿಕೊಂಡಿತು. ಕಬ್ಬಿಣಕ್ಕೆ ಆಗದ ನೀರು ಮಕ್ಕಳಿಗೆ ಆಗುತ್ತದೆಂದು ಆಗಲೂ ಹೇಳಲಾಯಿತು. ಕೊನೆಗೆ ಮೋನಾ ಹನ್ನಾ ಅಟ್ಟಿಶಾ ಎಂಬ ಮಕ್ಕಳ ವೈದ್ಯೆ 2015ರ ಸೆಪ್ಟೆಂಬರಿನಲ್ಲಿ ಲೆಕ್ಕ ಮುಂದಿಟ್ಟರು. ರಕ್ತದಲ್ಲಿ ಸೀಸ ಹೆಚ್ಚಿರುವ ಮಕ್ಕಳ ಪ್ರಮಾಣ ನೀರು ಬದಲಾದ ಮೇಲೆ ಶೇಕಡಾ 2.4ರಿಂದ 4.9ಕ್ಕೆ ಏರಿತ್ತು. ಮೊದಲು ಆಕೆಯ ಲೆಕ್ಕವನ್ನೇ ಅನುಮಾನಿಸಿದ ರಾಜ್ಯದ ಅಧಿಕಾರಿಗಳು ಆಮೇಲೆ ಒಪ್ಪಬೇಕಾಯಿತು. ಅಕ್ಟೋಬರಿನಲ್ಲಿ ಹಳೆಯ ನೀರನ್ನೇ ಮತ್ತೆ ಕೊಟ್ಟರು.

ನಮ್ಮವರು ಪೆನ್ಸಿಲಿನಿಂದ ಗೆರೆ ಎಳೆದಿದ್ದುದು ಇದಾವುದರ ಕೆಳಗೂ ಅಲ್ಲ, ಒಂದು ಚಿಕ್ಕ ಸಂಗತಿಯ ಕೆಳಗೆ. 2015ರ ಜನವರಿಯಲ್ಲಿ, ನೀರಿನಲ್ಲಿ ಬೇರೊಂದು ರಾಸಾಯನಿಕ ಮಿತಿ ಮೀರಿದೆಯೆಂಬ ತಿಳಿವಳಿಕೆ ಪತ್ರ ಬಂದ ಮೇಲೆ, ಆ ಊರಿನಲ್ಲಿದ್ದ ರಾಜ್ಯ ಸರಕಾರದ ಕಚೇರಿ ಕಟ್ಟಡದಲ್ಲಿ ನೌಕರರಿಗಾಗಿ ಬೇರೆ ಶುದ್ಧ ನೀರಿನ ಕ್ಯಾನುಗಳನ್ನು ಇಡಲಾಯಿತು. ಹೊರಗೆ ಊರವರಿಗೆ ಮಾತ್ರ ನಲ್ಲಿ ನೀರು ಕುಡಿಯಬಹುದು ಎಂಬ ಮಾತೇ ಮುಂದುವರಿಯಿತು.

ಓದಿ ಮುಗಿಸಿ ತಲೆಯೆತ್ತಿದೆ. "ನಾವು ಮಾಡಿದ್ದೂ ಇದನ್ನೇ ಅಲ್ವೇನೆ?" ಎಂದರು. ಇಪ್ಪತ್ತೆಂಟು ವರ್ಷಗಳಲ್ಲಿ ಅವರು ಆ ಮಾತೆತ್ತಿದ್ದು ಅದೇ ಮೊದಲು.

ನನಗೆ ಉತ್ತರ ಸಿಕ್ಕಿದ್ದು ಆಗ. ಖಚಿತವಿಲ್ಲ ಎಂಬ ಕಾರಣದಿಂದ ಬಾಯಿ ಮುಚ್ಚಿಕೊಳ್ಳುವವನು ತನ್ನ ಮನೆಯಲ್ಲೂ ಅದೇ ಕಾರಣಕ್ಕೆ ಕೈಕಟ್ಟಿ ಕೂತಿದ್ದರೆ, ಅದನ್ನು ನಿಯಮನಿಷ್ಠೆ ಎನ್ನಬಹುದು. ತನ್ನ ಮಗುವಿಗೆ ನೀರು ಕುದಿಸುವಷ್ಟು ಖಚಿತವಾಗಿದ್ದದ್ದು ಪಕ್ಕದ ಮನೆಯ ಮಗುವಿನ ವಿಷಯಕ್ಕೆ ಬಂದಾಗ ಖಚಿತವಿಲ್ಲ ಎಂದಾದರೆ, ಅಲ್ಲಿ ವಿಜ್ಞಾನವೂ ಇಲ್ಲ, ನಿಯಮವೂ ಇಲ್ಲ. ಎರಡು ತಕ್ಕಡಿ ಇವೆ ಅಷ್ಟೆ. ಡಂಗುರ ಸಾರಲು ಖಚಿತತೆ ಬೇಕು, ಒಪ್ಪಿದೆ. ಆದರೆ "ಮಳೆಗಾಲ, ನಾಲ್ಕು ದಿನ ನೀರು ಕುದಿಸಿ ಕುಡೀರಿ" ಎನ್ನಲು ಯಾವ ಸಹಿ ಬೇಕು? ಆ ಮಾತು ತಪ್ಪಾಗಿದ್ದರೆ ನಷ್ಟವಾಗುತ್ತಿದ್ದುದು ಒಂದಿಷ್ಟು ಸೀಮೆಎಣ್ಣೆ.

ಅವರವರ ಮಕ್ಕಳನ್ನು ಅವರವರು ಮೊದಲು ಕಾಯುವುದು ತಪ್ಪೇ ಎಂದು ನೀವು ಕೇಳಬಹುದು. ತಪ್ಪಲ್ಲ. ನಮ್ಮವರು ಮನೆಗೆ ಬಂದು ನನಗೆ ಹೇಳಿದ್ದನ್ನು ನಾನು ಇಂದಿಗೂ ತಪ್ಪೆನ್ನುವುದಿಲ್ಲ. ಅಲ್ಲಿಗೇ ನಿಂತದ್ದು ತಪ್ಪು.

ಇನ್ನು ಶಿಕ್ಷೆಯ ಮಾತು. ಫ್ಲಿಂಟ್ ಪ್ರಕರಣದಲ್ಲಿ ಪರಿಸರ ಇಲಾಖೆಯ ಮುಖ್ಯಸ್ಥರು 2015ರ ಕೊನೆಗೆ ರಾಜೀನಾಮೆ ಕೊಟ್ಟರು. ಕುಡಿಯುವ ನೀರಿನ ವಿಭಾಗದ ಮುಖ್ಯಸ್ಥೆಯಾಗಿದ್ದ ಮಹಿಳೆಯನ್ನು 2016ರಲ್ಲಿ ಕೆಲಸದಿಂದ ತೆಗೆದರು. ಐದು ವರ್ಷದ ಮೇಲೆ, 2021ರಲ್ಲಿ, ಹಾಗೆ ತೆಗೆದದ್ದು ಸರಿಯಲ್ಲವೆಂದು ಮಧ್ಯಸ್ಥಗಾರರು ತೀರ್ಪಿತ್ತರು. ಸರಕಾರ ಆಕೆಗೆ ಪರಿಹಾರವನ್ನೂ ಕೊಡಬೇಕಾಯಿತು. ಇದನ್ನು ಕೇಳಿ ಮೊದಲು ನನಗೆ ಸಿಟ್ಟು ಬಂತು. ಆಮೇಲೆ ಯೋಚಿಸಿದರೆ, ಇಡೀ ಊರಿನ ನೀರು ಕೆಟ್ಟದ್ದಕ್ಕೆ ಒಬ್ಬರ ಕೊರಳಿಗೆ ಹಗ್ಗ ಕಟ್ಟಿ ಉಳಿದವರು ಕೈತೊಳೆದುಕೊಳ್ಳುವುದೂ ನ್ಯಾಯವಲ್ಲ ಅನ್ನಿಸಿತು. ಇಂಥ ಕಡೆಗಳಲ್ಲಿ ತಪ್ಪು ಒಬ್ಬರ ಮೇಜಿನ ಮೇಲೆ ಇರುವುದಿಲ್ಲ. ಕೆಳಗಿನವನು ಮೇಲಿನವನ ಸಹಿಗೆ ಕಾಯುತ್ತಾನೆ, ಮೇಲಿನವನು ಕೆಳಗಿನವನ ವರದಿಗೆ ಕಾಯುತ್ತಾನೆ, ನಡುವೆ ನೀರು ಹರಿಯುತ್ತಲೇ ಇರುತ್ತದೆ.

ಹಾಗೆ ಹುಡುಕುತ್ತ ಹೋದಾಗ ನನ್ನ ಪಾಲೂ ಕಣ್ಣಿಗೆ ಬಿತ್ತು. ನಮ್ಮವರಿಗೆ ನಡತೆ ನಿಯಮವಿತ್ತು, ಮೆಮೊದ ಭಯವಿತ್ತು. ನನಗೇನಿತ್ತು? ನಾನು ಯಾವ ಸರಕಾರದ ನೌಕರಳೂ ಅಲ್ಲ. "ಅಕ್ಕಾ, ನೀರು ಯಾಕೋ ವಾಸನೆ, ಕುದಿಸಿ ಕುಡೀರಿ" ಎಂದು ಗೋಡೆಯ ಮೇಲಿಂದ ಒಂದು ಮಾತು ಹೇಳಿದ್ದರೆ ಯಾರ ಗುಟ್ಟೂ ರಟ್ಟಾಗುತ್ತಿರಲಿಲ್ಲ. ಗಂಡ ಹೇಳಬೇಡ ಎಂದರು, ಹೇಳಲಿಲ್ಲ. ಪತಿಯ ಮಾತು ಮೀರದ ಹೆಂಡತಿ ಎಂಬ ಒಳ್ಳೆಯ ಹೆಸರಿನ ಹಿಂದೆ ನಾನು ಬಚ್ಚಿಟ್ಟುಕೊಂಡೆ. ಅವರು ಕಡತದ ಹಿಂದೆ, ನಾನು ಸೆರಗಿನ ಹಿಂದೆ. ಅಧಿಕಾರಿಗಳ ಮನೆಗಳಲ್ಲಿ ಬಾಳಿದ ನಮ್ಮಂಥ ಹೆಂಗಸರಿಗೆ ಎಷ್ಟೋ ವಿಷಯ ಊರಿಗಿಂತ ಮೊದಲು ತಿಳಿದಿರುತ್ತದೆ. ಆ ತಿಳಿವಳಿಕೆಗೆ ನಾವೂ ಉತ್ತರ ಹೇಳಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ನಾನೂ ಕಲಿಯಲು ಹೋಗಲಿಲ್ಲ.

ಪತ್ರಿಕೆ ಓದಿದ ಮರುವರ್ಷ ಒಂದು ಮದುವೆಯಲ್ಲಿ ಆ ಅಕ್ಕ ಸಿಕ್ಕಿದರು. ಮಗ ದೊಡ್ಡವನಾಗಿದ್ದಾನೆ, ಅವನಿಗೇ ಮಗುವಾಗಿದೆ ಎಂದು ಸಂತೋಷದಿಂದ ಹೇಳಿದರು. ಊಟ ಮುಗಿಸಿ ಕೈತೊಳೆದು ಒಂದು ಮೂಲೆಯಲ್ಲಿ ಕೂತಾಗ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಆಕೆ ಸ್ವಲ್ಪ ಹೊತ್ತು ಎಲೆಯಡಿಕೆಯ ತಟ್ಟೆ ನೋಡುತ್ತ ಕೂತಿದ್ದರು.

"ನಿಮ್ಮನೇಲಿ ನೀರು ಕುದಿಯೋದು ನನಗೆ ಕಿಟಕೀಲಿ ಕಾಣ್ತಿತ್ತು ಕಣೇ. ನಿಮ್ಮ ಮಗೂಗೆ ಹುಷಾರಿಲ್ವೇನೋ, ಹೋಗಿ ಕೇಳಬೇಕು ಅಂದ್ಕೊಂಡೆ. ಕೆಲಸದ ಗಡಿಬಿಡೀಲಿ ಕೇಳೋದು ಮರೆತೆ. ಕೇಳಬೇಕಿತ್ತು ನಾನು" ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ನನ್ನ ಮಗುವಿಗೆ ಹುಷಾರಿಲ್ಲವೆಂದು ಮರುಗಿದ್ದರು. ತನ್ನದಲ್ಲದ ತಪ್ಪನ್ನು ತನ್ನ ತಲೆಯ ಮೇಲೂ ಅಷ್ಟು ಹಾಕಿಕೊಂಡರು. ನನ್ನಿಂದ ಮಾತಾಡಲಾಗಲಿಲ್ಲ. ಏಳುವಾಗ ಆಕೆ ನನ್ನ ಕೈ ಹಿಡಿಯಲಿಲ್ಲ ಎಂಬುದನ್ನೂ ಹೇಳಬೇಕು. ಆಮೇಲೆ ಫೋನೂ ಬರಲಿಲ್ಲ. ಅದು ಅವರ ಹಕ್ಕು.

ಮೂವತ್ತಮೂರು ವರ್ಷದ ಒಳ್ಳೆಯ ಕೆಲಸ ಆ ನಾಲ್ಕು ದಿನವನ್ನು ತೊಳೆಯುತ್ತದೆಯೇ? ನನಗೆ ಹಾಗನ್ನಿಸುವುದಿಲ್ಲ. ಹಾಗೆಂದು ಆ ನಾಲ್ಕು ದಿನ ಮೂವತ್ತಮೂರು ವರ್ಷವನ್ನು ಸುಳ್ಳು ಮಾಡುತ್ತದೆ ಎಂದೂ ಹೇಳಲಾರೆ. ನಮ್ಮವರು ಹಿಡಿದ ಕೊಳಚೆಯ ಬಾಟಲಿಗಳಿಂದ ಎಷ್ಟು ಮಕ್ಕಳು ಉಳಿದರೋ ಯಾರಿಗೂ ಗೊತ್ತಿಲ್ಲ. ಒಳಿತು, ಕೆಡಕು ಎರಡೂ ಲೆಕ್ಕದಲ್ಲಿ ಇರುತ್ತವೆ. ಒಂದರಲ್ಲಿ ಇನ್ನೊಂದನ್ನು ಕಳೆಯಲು ಬರುವುದಿಲ್ಲ.

ಈಗ ನಮ್ಮವರಿಗೆ ವಯಸ್ಸಾಗಿದೆ. ಮಂಡಿನೋವು. ನಮ್ಮ ಬೀದಿಯ ನಲ್ಲಿ ನೀರು ಸ್ವಲ್ಪ ಬಣ್ಣ ತಿರುಗಿದರೂ ಸಾಕು, ಕೋಲೂರಿಕೊಂಡು ಹೊರಡುತ್ತಾರೆ. ಒಂದೊಂದೇ ಗೇಟಿನ ಹತ್ತಿರ ನಿಂತು, "ಎರಡು ದಿನ ಕುದಿಸಿ ಕುಡೀರಮ್ಮ, ಏನೂ ಇಲ್ಲದಿರಬಹುದು, ಆದರೂ ಕುದಿಸಿ" ಎನ್ನುತ್ತಾರೆ. ನಮ್ಮ ಮನೇಲಿ ಫಿಲ್ಟರ್ ಇದೆ ಅಂಕಲ್ ಎಂದು ನಗುವ ಹುಡುಗಿಯರಿದ್ದಾರೆ. ಹೋದ ಸಲ ಅವರ ಅನುಮಾನ ಸುಳ್ಳಾಯಿತು. ಟ್ಯಾಂಕ್ ತೊಳೆದ ಕೆಸರು ಅಷ್ಟೆ. ಬೀದಿಯವರು ತಮಾಷೆ ಮಾಡಿದರು. ಅವರಿಗೆ ಬೇಸರವಾದಂತೆ ಕಾಣಲಿಲ್ಲ.

ಮೂಲೆಮನೆಯವರು ಮಾತ್ರ ಅವತ್ತು ಮನೆಯಲ್ಲಿರಲಿಲ್ಲ. ಸಂಜೆ ನಾನೇ ಹೋಗಿ ಹೇಳಿಬಂದೆ.