ಬರಿಗೈಯ ಧೈರ್ಯ

ದುರ್ಗದ ಸೀಮೆಯಲ್ಲಿ, ಅದರಲ್ಲಿಯೂ ಮದಕರಿಪುರವೆಂದು ಹೆಸರಿಟ್ಟುಕೊಂಡ ಊರಿನಲ್ಲಿ, ಒನಕೆ ಓಬವ್ವನ ಕಥೆಯನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕಾವಲುಗಾರ ಊಟಕ್ಕೆ ಮನೆಗೆ ಬಂದಿದ್ದ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳತೊಡಗಿದರು. ನೀರಿಗೆ ಹೋದ ಅವನ ಹೆಂಡತಿ ಕಂಡು, ಒನಕೆ ಹಿಡಿದು ನಿಂತಳು. ಈ ಕಥೆಯನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನ್ನ ಮನಸ್ಸು ಒಂದೆಡೆ ತೊಡರುತ್ತದೆ. ಆಕೆಯ ಕೈಯಲ್ಲಿ ಒನಕೆಯ ಹೊರತು ಬೇರೇನೂ ಇರಲಿಲ್ಲವೆಂಬುದನ್ನೇ ನಾವು ಕೊಂಡಾಡುತ್ತೇವೆ. ಅಂಥ ಕಿಂಡಿಗೆ ಊಟದ ಹೊತ್ತಿನಲ್ಲಿ ಬದಲಿ ಆಳನ್ನು ನೇಮಿಸದೆ ಬಿಟ್ಟವರು ಯಾರು? ಆ ಪ್ರಶ್ನೆ ನಮಗೆ ಅರಸಿಕತೆಯಾಗಿ ಕಾಣುತ್ತದೆ.

2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಯ ಮೇಲೆ ದಾಳಿ ನಡೆಯಿತಷ್ಟೆ. ರಾಷ್ಟ್ರೀಯ ಭದ್ರತಾ ದಳದ ಬಾಂಬು ನಿಷ್ಕ್ರಿಯಗೊಳಿಸುವ ತಂಡದಲ್ಲಿದ್ದ, ನಮ್ಮ ಬೆಂಗಳೂರಿನ ಲೆಫ್ಟಿನೆಂಟ್ ಕರ್ನಲ್ ಇ. ಕೆ. ನಿರಂಜನ್, ಹತನಾದ ಭಯೋತ್ಪಾದಕನೊಬ್ಬನ ಶವದಲ್ಲಿದ್ದ ಸಿಡಿಮದ್ದು ಸ್ಫೋಟಿಸಿ ಮಡಿದರು. ವೀರನೆಂದು ನಾಡು ನಮಿಸಿತು, ಅದು ಸರಿ. ಬೆನ್ನಿಗೇ, ಅವರು ನಿಯಮ ಪಾಲಿಸಿದ್ದರೆ ಎಂಬ ಮಾತೂ ಎದ್ದಿತು. ಹೊಗಳಿಕೆ ಒಂದು ಕಡೆ, ಅನುಮಾನ ಇನ್ನೊಂದು ಕಡೆ. ಇವೆರಡೂ ಬೇರೆ ಬೇರೆ ದನಿಯಾಗಿ ಕೇಳಿದರೂ ಮಾಡುವ ಕೆಲಸ ಒಂದೇ ಎಂದು ನನಗೆ ತೋರುತ್ತದೆ: ಎಲ್ಲವನ್ನೂ ಸತ್ತವನ ಲೆಕ್ಕಕ್ಕೆ ಬರೆದು ಖಾತೆ ಮುಗಿಸುವುದು. ಉಳಿದವರು ಏನು ಕೊಟ್ಟು ಕಳುಹಿಸಿದ್ದರು ಎಂಬುದು ಆ ಖಾತೆಯಲ್ಲಿ ಬರುವುದೇ ಇಲ್ಲ.

ಕೊಡಬೇಕಾದುದು ಮುಖ್ಯವಾಗಿ ದೂರ. ಬಾಂಬಿಗೂ ಮನುಷ್ಯನಿಗೂ ನಡುವಿನ ದೂರ. 1912ರಲ್ಲಿ ಬೆಂಗಳೂರಿನ ಮದರಾಸು ಸ್ಯಾಪರ್ಸ್ ದಳದ ಕ್ಯಾಪ್ಟನ್ ಮೆಕ್ಲಿಂಟಾಕ್ ರೂಪಿಸಿದ ‘ಬೆಂಗಳೂರು ಟಾರ್ಪೆಡೊ’ದ ಜಾಣ್ಮೆಯೆಲ್ಲ ಇದರಲ್ಲಿಯೇ ಇದೆ: ಮದ್ದು ತುಂಬಿದ ಕೊಳವೆಗಳನ್ನು ಒಂದಕ್ಕೊಂದು ಜೋಡಿಸುತ್ತ ಮುಂದಕ್ಕೆ ತಳ್ಳಿದರೆ, ತಳ್ಳುವವನು ಹಿಂದೆಯೇ ಇರಬಹುದು. ನೂರು ವರ್ಷಗಳ ಬಳಿಕ ನಮ್ಮ ರಕ್ಷಣಾ ಸಂಶೋಧಕರು ಪುಣೆಯಲ್ಲಿ ನಿರ್ಮಿಸಿದ ‘ದಕ್ಷ್’ ಯಂತ್ರವೂ ಅದೇ ವಂಶದ್ದು. 2011ರಲ್ಲಿ ಸೈನ್ಯದ ಕೈಸೇರಿದ ಈ ಯಂತ್ರ ಮೆಟ್ಟಿಲು ಹತ್ತುತ್ತದೆ, ಎಕ್ಸ್‌ರೇ ತೆಗೆದು ಒಳಗನ್ನು ತೋರಿಸುತ್ತದೆ, ನೀರಿನ ರಭಸದಿಂದಲೇ ಬಾಂಬನ್ನು ಬಿಡಿಬಿಡಿಯಾಗಿಸುತ್ತದೆ. ಯಂತ್ರ ಹೋಗಲಾರದ ಕಡೆ ಮನುಷ್ಯ ತೊಡುವ ಉಡುಪು 30 ಕಿಲೋಗ್ರಾಮಿಗೂ ಮಿಕ್ಕಿ ತೂಗುತ್ತದೆ. ತಲೆ, ಎದೆ, ತೊಡೆಗಳಿಗೆ ರಕ್ಷೆ. ಕೈಗಳು ಮಾತ್ರ ಸಾಮಾನ್ಯವಾಗಿ ಬರಿದು. ತಂತಿಯನ್ನು ಬೆರಳೇ ಅರಿಯಬೇಕು.

ಹಾಗಾದರೆ ಯಂತ್ರಗಳನ್ನು ಕೊಂಡರೆ ಧೈರ್ಯಕ್ಕೆ ಕೆಲಸವಿಲ್ಲವೆ? ಇದೆ. ಗಾಯಾಳು ಪಕ್ಕದಲ್ಲಿಯೇ ಬಿದ್ದಿರುವಾಗ, ಯಂತ್ರ ಬರುವಷ್ಟು ಸಮಯ ಇಲ್ಲದಾಗ, ಯಾರೋ ಒಬ್ಬ ಎದ್ದು ನಡೆಯುತ್ತಾನೆ. ಅದು ಅವನು ಮಾಡುವ ದಾನ. ದಾನವನ್ನು ಪಡೆಯಬಹುದೇ ಹೊರತು ಆಯವ್ಯಯದ ಪಟ್ಟಿಯಲ್ಲಿ ವರಮಾನವೆಂದು ಮೊದಲೇ ಬರೆದಿಟ್ಟುಕೊಳ್ಳುವಂತಿಲ್ಲ. ಯಂತ್ರದ ಬೆಲೆ ಹೆಚ್ಚಾಯಿತು, ಮುಂದಿನ ವರ್ಷ ನೋಡೋಣ ಎಂದು ಕಡತ ಮಡಿಸುವವನು ಕೆಟ್ಟವನೇನಲ್ಲ. ಅವನಿಗೂ ನೂರು ಖರ್ಚುಗಳಿರುತ್ತವೆ. ಆದರೆ ಆ ಒಂದು ವರ್ಷವನ್ನು ಯಾರ ಧೈರ್ಯದಿಂದ ತುಂಬಿಸುತ್ತೇನೆಂಬುದನ್ನು ಅವನು ಕಡತದಲ್ಲಿ ಬರೆಯುವುದಿಲ್ಲ.

ತರಬೇತಿಯ ಮಾತೂ ಇಷ್ಟೆ. ಬಾಂಬು ಮಾಡುವವನು ದಿನದಿನಕ್ಕೂ ಹೊಸದನ್ನು ಕಲಿಯುತ್ತಿರುವಾಗ, ಬಿಚ್ಚುವವನ ಪಾಠ ಹಳೆಯದಾಗಬಾರದು. ಇದನ್ನು ಯಾರೂ ಅಲ್ಲಗಳೆಯಲಾರರು. ಕಷ್ಟವಾದ ಪಾಠ ಬೇರೆ: ಕಾಯುವುದು. ‘ಈಗ ಕೈ ಹಚ್ಚುವುದಿಲ್ಲ’ ಎನ್ನುವ ಸೈನಿಕನನ್ನು ಹೇಡಿಯೆಂದು ನೋಡದಿರುವ ಮೇಲಧಿಕಾರಿಯೂ ತರಬೇತಿಯಿಂದಲೇ ಆಗಬೇಕು. ಮೇಲಧಿಕಾರಿಯೊಬ್ಬನೇ ಅಲ್ಲ, ಟಿ.ವಿ. ಮುಂದೆ ಕುಳಿತು ಚಡಪಡಿಸುವ ನಾವೂ.

2020ರ ಜನವರಿ 20ರಂದು ಮಂಗಳೂರು ವಿಮಾನ ನಿಲ್ದಾಣದಲ್ಲಿ ಬಾಂಬಿನ ಚೀಲ ಸಿಕ್ಕಿದುದನ್ನು ವಾಚಕರು ಮರೆತಿರಲಾರರು. ಅಲ್ಲಿ ಪೊಲೀಸರ ತಂಡ. ಬೆಳಿಗ್ಗೆ ಸಿಕ್ಕ ಚೀಲವನ್ನು ಸ್ಫೋಟ ತಡೆಯುವ ವಾಹನದಲ್ಲಿಟ್ಟು, ಕೆಂಜಾರಿನ ಬಯಲಿಗೆ ಒಯ್ದು, ಮರಳಿನ ಮೂಟೆಗಳ ನಡುವೆ ಇರಿಸಿ, ದೂರದಿಂದ ಸಿಡಿಸುವ ಹೊತ್ತಿಗೆ ಸಂಜೆಯಾಗಿತ್ತು. ಇಷ್ಟಕ್ಕೆ ಇಡೀ ದಿನವೇ ಎಂದು ಅಂದು ಗೊಣಗಿದವರನ್ನು ನಾನು ಬಲ್ಲೆ. ಯಾರಿಗೂ ಗಾಯವಾಗಲಿಲ್ಲ. ಮರುವಾರದ ಹೊತ್ತಿಗೆ ಆ ತಂಡದ ಮಾತು ಯಾರ ಬಾಯಲ್ಲಿಯೂ ಇರಲಿಲ್ಲ.